ಬೀಡಿನ ಹಂಚು

(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಮಾತನಾಡಲು ನಿಂತವರು ಕವಿರಾಜಮಾರ್ಗದಿಂದಲೋ ವಚನಕಾರರಿಂದಲೋ ಮೊದಲು ಮಾಡುವುದು ವಾಡಿಕೆ. ನಾವು ಅಡಿಗೆಮನೆಯಿಂದ ಮೊದಲು ಮಾಡುತ್ತೇವೆ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವರು ಕಾವ್ಯದ ಮಾತೆತ್ತಿದರೆ ಹೇಳುವವರಿಗೂ ಸಂಕೋಚ, ಕೇಳುವವರಿಗೂ ಸಂಕೋಚ. ಹಂಚಿನ ವಿಷಯವಾದರೆ ಆ ಭಯವಿಲ್ಲ. ದೋಸೆ ತಿನ್ನದ ವಿಮರ್ಶಕರು ಇನ್ನೂ ಹುಟ್ಟಿಲ್ಲ. ಇಲ್ಲಿ 'ನಾವು' ಎಂದಾಗಲೆಲ್ಲ ನಮ್ಮ ಮನೆಯವರೆಲ್ಲರೂ ಎಂದು ತಿಳಿಯಬೇಕು. ಹಂಚನ್ನು ಹುಡುಕಿ ತರುವವರು ಒಬ್ಬರು, ಕೂತು ತಿಕ್ಕುವವರು ಇನ್ನೊಬ್ಬರು, ಅದರ ಮೇಲೆ ದೋಸೆ ಹೊಯ್ಯುವವರು ಮತ್ತೊಬ್ಬರು. ಹೆಸರೆಲ್ಲ ಭಾಷಣಕಾರರಿಗೇ ಎಂದರೆ ಮನೆಯಲ್ಲಿ ಒಪ್ಪುವವರಿಲ್ಲ.

ಹಳೆಯ ಬೀಡಿನ ಹಂಚುಗಳನ್ನು ಕೂಡಿಹಾಕುವುದು, ತುಕ್ಕು ಬಿಡಿಸಿ ಮತ್ತೆ ಒಲೆಗೆ ಏರಿಸುವುದು, ದಿನವೂ ಅವುಗಳ ಮೇಲೆ ಅಡಿಗೆ ಮಾಡುವುದು: ಇದು ನಮ್ಮ ಎಂಟು ವರ್ಷಗಳ ಹುಚ್ಚು. ಈಗ ಮನೆಯಲ್ಲಿ ಹನ್ನೊಂದು ಹಂಚು, ಎರಡು ಬಾಣಲೆ, ಪಡ್ಡಿನ ಹಂಚು ಮೂರು ಇವೆ. ಎಲ್ಲವೂ ಗುಜರಿಗೆ ಹೋಗಿದ್ದವು, ಇಲ್ಲವೆ ಹೋಗಲು ಬಾಗಿಲಲ್ಲಿ ಕಾದಿದ್ದವು.

ಹೆಸರಿನ ಜಗಳವನ್ನು ಮೊದಲು ಮುಗಿಸೋಣ. ನಮ್ಮ ಮನೆಯಲ್ಲಿ ಅತ್ತೆಯವರು ಕಲಬುರ್ಗಿ ಕಡೆಯವರು, ಸೊಸೆ ತೀರ್ಥಹಳ್ಳಿ ಕಡೆಯವರು. ಒಬ್ಬರಿಗೆ ಅದು ಹಂಚು, ಇನ್ನೊಬ್ಬರಿಗೆ ಕಾವಲಿ. ನೆರೆಮನೆಯ ತೆಲುಗರಿಗೆ ಪೆನಂ, ಬೀದಿಯಲ್ಲಿ ತವಾ. ತಮಿಳರು ಕಬ್ಬಿಣದ್ದನ್ನೂ ದೋಸೆಗಲ್ಲು ಎಂದೇ ಕರೆಯುತ್ತಾರೆ. ನಮ್ಮಲ್ಲಿ ಮಾಡಿನ ಮೇಲೆ ಹೊದಿಸುವುದೂ ಹಂಚು, ಒಡೆದ ಮಡಕೆಯ ಚೂರೂ ಹಂಚು. ರೊಟ್ಟಿ ಸುಡುವ ಮಣ್ಣಿನ ಹಂಚು ಹೋಗಿ ಕಬ್ಬಿಣದ್ದು ಬಂದಾಗ ವಸ್ತು ಬದಲಾಯಿತು, ಹೆಸರು ಮಾತ್ರ ಕದಲಲಿಲ್ಲ. ಇನ್ನು 'ಬೀಡು' ಎಂದರೆ ಎರಕ ಹೊಯ್ದ ಕಬ್ಬಿಣ. ಮರಾಠಿಯವರೂ ಇದನ್ನು ಬೀಡ್ ಎಂದೇ ಕರೆಯುವುದರಿಂದ ಬೀದರ, ಕಲಬುರ್ಗಿಗಳ ಸಂತೆಯಲ್ಲಿ ಈ ಒಂದು ಮಾತಿಗೆ ದುಭಾಷಿ ಬೇಕಾಗುವುದಿಲ್ಲ. ನಮ್ಮ ಮಕ್ಕಳು ಮಾತ್ರ ಬೀಡು ಎಂದರೆ ಬಿಡಾರ ಎಂದುಕೊಂಡು, 'ಹಂಚಿಗೇಕೆ ಬಿಡಾರ?' ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ.

ಕಮ್ಮಾರನು ಬಡಿದು ಮಾಡಿದ ಹಂಚೇ ಬೇರೆ, ಎರಕದ ಹಂಚೇ ಬೇರೆ. ಬಡಿದದ್ದು ತೆಳ್ಳಗೆ, ಹಗುರ. ಅದರ ಹಿಡಿಯನ್ನು ಗುಬ್ಬಿಮೊಳೆಯಿಂದ ಕೂಡಿಸಿರುತ್ತಾರೆ, ಸುತ್ತಿಗೆಯ ಗುರುತು ಮೈಮೇಲೆ ಕಾಣುತ್ತದೆ. ಎರಕದ್ದು ದಪ್ಪ, ತೂಕ ಹೆಚ್ಚು. ಹಿಡಿಯೂ ಮೈಯೂ ಒಂದೇ, ಬೆನ್ನು ಮರಳುಮರಳು. ಜೋಳದ ರೊಟ್ಟಿಗೆ ಬಡಿದ ಹಂಚು ಸಾಕು. ದೋಸೆಗೂ ಪಡ್ಡಿಗೂ ಬೀಡೇ ಬೇಕು.

ಕಬ್ಬಿಣದ ಕೆಲಸದಲ್ಲಿ ಇಷ್ಟು ಹಳೆಯ ಹೆಸರು ಪಡೆದ ನಮ್ಮ ದೇಶದಲ್ಲಿ ಎರಕದ ಹಂಚು ಮಾತ್ರ ತಡವಾಗಿ ಬಂತು. ಇದಕ್ಕೆ ಕಾರಣವಿದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಶಾಖ ಬೇಕು. ನಮ್ಮ ಹಳೆಯ ಕುಲುಮೆಗಳಲ್ಲಿ ಅದಿರು ಕರಗಿ ಹರಿಯುತ್ತಿರಲಿಲ್ಲ. ಮೆತ್ತನೆಯ ಮುದ್ದೆಯಾಗಿ ಇಳಿಯುತ್ತಿತ್ತು, ಅದನ್ನು ಬಡಿದು ಬಡಿದು ಹದಕ್ಕೆ ತರುತ್ತಿದ್ದರು. ಮೂಸೆಯಲ್ಲಿ ಕರಗಿಸಿದ ಉಕ್ಕಿನ ಮಾತು ಬೇರೆ. ಈ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿಯ ಉಕ್ಕು ಪರ್ಷಿಯದವರೆಗೆ ವ್ಯಾಪಾರಕ್ಕೆ ಹೋಗುತ್ತಿತ್ತು. ನಮ್ಮ 'ಉಕ್ಕು' ಎಂಬ ಮಾತೇ ಯೂರೋಪಿನವರ ಬಾಯಲ್ಲಿ ವುಟ್ಸ್ ಆಯಿತೆಂದು ಹೇಳುವುದುಂಟು. ಆದರೆ ಅದು ಕತ್ತಿಗೆ ಹೋಗುವ ಲೋಹ, ಕಾವಲಿಗೆ ಬರುವುದಲ್ಲ. ಕಬ್ಬಿಣದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಇಂಗಾಲ ಸೇರಿದರೆ ಅದು ಸುಮಾರು 1,150 ಡಿಗ್ರಿಗೇ ನೀರಾಗುತ್ತದೆ, ಅಚ್ಚಿಗೆ ಹೊಯ್ಯಬಹುದು. ಅದೇ ಬೀಡು. ಚೀನರು ಈ ವಿದ್ಯೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಕಲಿತಿದ್ದರು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಎಂಬಾತ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಹೊಯ್ಯುವ ಕ್ರಮಕ್ಕೆ 1707ರಲ್ಲಿ ಹಕ್ಕುಪತ್ರ ಪಡೆದ. ಅಲ್ಲಿಂದ ಮುಂದೆ ಹಿತ್ತಾಳೆಯ ಪಾತ್ರೆ ಕೊಳ್ಳಲಾರದ ಬಡವರ ಮನೆಗೂ ಎರಕದ ಪಾತ್ರೆ ಬಂತು. ನಮ್ಮ ಕಡೆ 1923ರಲ್ಲಿ ಭದ್ರಾವತಿಯ ಕುಲುಮೆ ಬೀಡು ಹರಿಸಿತು. ಬಾಬಾಬುಡನ್ ಬೆಟ್ಟದ ಅದಿರು, ಮಲೆನಾಡಿನ ಕಾಡಿನ ಇದ್ದಲು. ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದ ಕಾರ್ಖಾನೆಯ ಮಾತು ಬಂದಾಗ ಜನ ಸೇತುವೆ, ಕಂಬಿ, ಕೊಳವೆ ಎನ್ನುತ್ತಾರೆ. ಅಡಿಗೆಮನೆಯ ಕಡೆ ನೋಡುವವರು ಕಡಿಮೆ.

ನಮ್ಮ ಈ ಊರಿಗೂ ಎರಕಕ್ಕೂ ನಂಟು ಹಳೆಯದು. ಬ್ಯಾಂಕಿನವರಿಗೆ ಗನ್‌ಫೌಂಡ್ರಿ ಎಂದರೆ 2017ರ ಏಪ್ರಿಲಿನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಪ್ರಧಾನ ಕಛೇರಿ ಇದ್ದ ಜಾಗ. ಮುದುಕರು ಅದನ್ನು ತೋಪ್ ಕಾ ಸಾಂಚಾ ಎನ್ನುತ್ತಾರೆ, ಅಂದರೆ ಫಿರಂಗಿಯ ಅಚ್ಚು. ನಿಜಾಮರ ಸೇನೆಯಲ್ಲಿದ್ದ ರೇಮಂಡ್ ಎಂಬ ಫ್ರೆಂಚ್ ದಳಪತಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಫಿರಂಗಿ ಎರಕ ಹೊಯ್ಸುತ್ತಿದ್ದ. ಬೀದರದ ಬಿದ್ರಿ ಕೆಲಸವೂ ಮರಳಿನ ಅಚ್ಚಿನ ಎರಕದಿಂದಲೇ ಮೊದಲಾಗುವುದು. ಲೋಹ ಮಾತ್ರ ಸತುವೂ ತಾಮ್ರವೂ ಸೇರಿದ್ದು. ಬಿದ್ರಿಯ ಹೂದಾನಿ ಗಾಜಿನ ಬೀರುವಿನಲ್ಲಿ ಕೂತಿದೆ. ಅದೇ ಬಗೆಯ ಅಚ್ಚಿನಿಂದ ಎದ್ದ ಹಂಚು ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ ಜಿರಲೆಗಳೊಡನೆ ಮಲಗಿದೆ.

ಈಗ ಮುಖ್ಯ ಮಾತಿಗೆ ಬರೋಣ. ಈ ಊರಿನ ಕನ್ನಡಿಗರಲ್ಲಿ ಎರಡು ಬಗೆ. ನಿಜಾಮರ ಕಾಲದಲ್ಲಿ ಬೀದರ, ಕಲಬುರ್ಗಿ, ರಾಯಚೂರುಗಳಿಂದ ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಇಲ್ಲಿಗೆ ಬಂದವರು ಪರಸ್ಥಳಕ್ಕೆ ಬಂದವರಲ್ಲ; ತಮ್ಮ ರಾಜಧಾನಿಗೆ ಬಂದವರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು, ಅದೇ ದಿನ ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಕಾಚಿಗೂಡದಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಎದ್ದವರು ಮನೆ ಬದಲಾಯಿಸದೆಯೆ ಹೊರನಾಡಿನವರಾದರು. ಎರಡನೆಯ ಬಗೆ ಆಮೇಲೆ ಬಂದವರು: ಬ್ಯಾಂಕು, ಕಾರ್ಖಾನೆ, ಈಚಿನ ಕಂಪ್ಯೂಟರು ಕಂಪನಿಗಳ ಮೂಲಕ ಮೈಸೂರು, ಧಾರವಾಡ, ಮಂಗಳೂರುಗಳಿಂದ ಬಂದವರು. ಇವರು ಗ್ಯಾಸಿನ ಒಲೆಯೊಡನೆ ಬಂದರು. ಹಳಬರು ಹಂಚಿನೊಡನೆ ಬಂದರು. ಕಾಚಿಗೂಡ, ಬರ್ಕತ್‌ಪುರ, ನಾರಾಯಣಗುಡದ ಹಳೆಯ ಮನೆಗಳು ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟು ಏಳುತ್ತಿವೆ. ಮನೆ ಖಾಲಿ ಮಾಡುವಾಗ ಬೆಳ್ಳಿಯನ್ನು ಹಂಚಿಕೊಳ್ಳುತ್ತಾರೆ, ಹಿತ್ತಾಳೆಯನ್ನು ತೂಗಿ ಮಾರುತ್ತಾರೆ, ಕಬ್ಬಿಣವನ್ನು ಮಾತ್ರ ಗುಜರಿಯವನು ಬಂದಾಗ, 'ಇದನ್ನೂ ಒಯ್ಯಪ್ಪ' ಎಂದು ಕೊಟ್ಟುಬಿಡುತ್ತಾರೆ.

ಹಾಗೆ ಹೋದ ಹಂಚುಗಳು ಪುರಾನಾಪುಲ್ ಕಡೆಯ ಜುಮ್ಮೆರಾತ್ ಬಜಾರಿನಲ್ಲಿ ನೆಲದ ಮೇಲೆ ಗೋಣಿ ಹಾಸಿಕೊಂಡು ಕೂರುತ್ತವೆ. ಜುಮ್ಮೆರಾತ್ ಎಂದರೆ ಗುರುವಾರ. ಬ್ಯಾಂಕಿನವರಿಗೆ ಗುರುವಾರ ರಜವಿಲ್ಲ. ಹಬ್ಬ ಗುರುವಾರ ಬೀಳಲೆಂದು ಹಾರೈಸುವ ಮನೆ ಈ ಊರಿನಲ್ಲಿ ನಮ್ಮದೊಂದೇ ಇರಬೇಕು. ಉಳಿದಂತೆ ಎರ್ರಗಡ್ಡದ ಭಾನುವಾರದ ಸಂತೆಯುಂಟು. ಅಂಗಡಿಯವರಿಗೆ ಹಂಚಿನ ವಯಸ್ಸೂ ಗೊತ್ತಿಲ್ಲ, ವಂಶವೂ ಗೊತ್ತಿಲ್ಲ. 'ಲೋಹಾ ಹೈ ಸಾಬ್, ತೋಲ್ ಕೇ ಲೇಲೋ' ಎಂದು ತಕ್ಕಡಿ ಎತ್ತುತ್ತಾರೆ. ಬಿ.ಕಾಂ. ತರಗತಿಯಲ್ಲಿ ಸವಕಳಿಯ ಲೆಕ್ಕ ಮಾಡಿಸುತ್ತಿದ್ದರು: ಕೊಂಡ ಬೆಲೆಯಿಂದ ಗುಜರಿ ಬೆಲೆಯನ್ನು ಕಳೆಯಿರಿ, ಬಾಳುವ ವರ್ಷಗಳಿಂದ ಭಾಗಿಸಿರಿ. ವರ್ಷಕ್ಕಿಷ್ಟರಂತೆ ಎಲ್ಲ ಯಂತ್ರವೂ ಸವೆಯುತ್ತದೆ. ಹಂಚು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಬಳಸಿದಷ್ಟೂ ಅದರ ಮೈ ನುಣುಪಾಗುತ್ತದೆ, ಬಳಸದೆ ಇಟ್ಟರೆ ಮಾತ್ರ ಸವೆಯುತ್ತದೆ. ಮರಳಿನ ಅಚ್ಚಿನಿಂದ ಬಂದ ಹೊಸ ಹಂಚಿನ ಮೇಲೆ ಸಟ್ಟುಗ ಆಡಿಸಿದರೆ ಕರಕರ ಎನ್ನುತ್ತದೆ; ಐವತ್ತು ವರ್ಷ ದೋಸೆ ಮಗುಚಿದ ಹಂಚಿನ ಮೇಲೆ ಸದ್ದೇ ಇಲ್ಲ. ಆ ನುಣುಪು ತಕ್ಕಡಿಗೆ ತೂಗುವುದಿಲ್ಲ.

ಒಂದು ಗುರುವಾರದ ಮಾತು ಹೇಳಲೇಬೇಕು. ಅಂದು ಹಬ್ಬದ ರಜ. ಒಂದೇ ಗೋಣಿಯ ಮೇಲೆ ಒಂದು ಬೀಡಿನ ಹಂಚು, ಒಂದು ಮುರಿದ ಶಾವಿಗೆ ಒರಳು, ಒಂದು ಹಿತ್ತಾಳೆಯ ಚರಿಗೆ ಇದ್ದುವು. ಚರಿಗೆಯ ಕಂಠದ ಮೇಲೆ ಕನ್ನಡ ಅಕ್ಷರ. ಯಾರೋ ಅಕ್ಕಸಾಲಿಗರು ಚುಕ್ಕೆಚುಕ್ಕೆಯಾಗಿ ಕೊರೆದದ್ದು: ಒಂದು ಹೆಣ್ಣು ಹೆಸರು, ಅದರ ಮುಂದೆ ರಾಯಚೂರು ಎಂದು. ತವರುಮನೆಯವರು ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಹೀಗೆ ಕೊರೆಸುತ್ತಿದ್ದುದು ಎಲ್ಲರಿಗೂ ಗೊತ್ತೇ ಇದೆ. ಎಲ್ಲವೂ ಒಂದೇ ಮನೆಯಿಂದ ಬಂದುವೆಂದು ಅಂಗಡಿಯವನು ಹೇಳಿದ. ಯಾವ ಮನೆ? ಕಾಚಿಗೂಡದ ಕಡೆ, ಕೆಡವಿಬಿಟ್ಟಿದ್ದಾರೆ ಎಂದ. ಹೆಚ್ಚು ಕೇಳಿದರೆ, 'ನಕ್ಕೋ ಪೂಛೋ' ಎಂದು ಮುಖ ತಿರುಗಿಸಿದ. ನಾವು ಹಂಚನ್ನೂ ಚರಿಗೆಯನ್ನೂ ಕೊಂಡೆವು. ಹಂಚಿನ ಮೇಲೆ ಯಾರ ಹೆಸರೂ ಇಲ್ಲ. ಕಬ್ಬಿಣದ ಮೇಲೆ ಹೆಸರು ಕೊರೆಸುವ ಪದ್ಧತಿಯೇ ಇಲ್ಲ. ಅದರ ನಡುವೆ ಮಾತ್ರ ಸ್ವಲ್ಪ ಬಲಕ್ಕೆ ಒಂದು ತಟ್ಟೆಯಷ್ಟಗಲ ಕನ್ನಡಿಯಂಥ ನುಣುಪು ಇತ್ತು, ಉಳಿದದ್ದೆಲ್ಲ ತುಕ್ಕು. ದೋಸೆ ಹೊಯ್ಯುತ್ತಿದ್ದ ಆ ತಾಯಿ ಸದಾ ಅಲ್ಲಿಯೇ ಹಿಟ್ಟು ಬಿಡುತ್ತಿದ್ದರೆಂದು ಕಾಣುತ್ತದೆ.

ಗುಜರಿಗೆ ಕೊಡುವವರು ಹೇಳುವ ಕಾರಣ ಒಂದೇ: ತುಕ್ಕು ಹಿಡಿದು ಕೆಟ್ಟುಹೋಗಿದೆ. ಇದೇ ನಾವು ಎಲ್ಲರಲ್ಲಿಯೂ ವಾದಿಸುವ ವಿಷಯ. ತುಕ್ಕು ಹಿಡಿದ ಹಂಚು ಕೆಟ್ಟದ್ದಲ್ಲ. ಬಿರುಕು ಬಿಟ್ಟದ್ದು ಕೆಟ್ಟದ್ದು. ತುಕ್ಕು ಮೈಮೇಲಿನ ರೋಗ, ಬಿರುಕು ಎಲುಬಿನದು. ಇವೆರಡನ್ನು ಬೇರೆಮಾಡಿ ನೋಡಲು ಐದು ನಿಮಿಷ ಸಾಕು. ಹಂಚಿನ ಹಿಡಿಗೆ ದಾರ ಕಟ್ಟಿ ತೂಗಬಿಟ್ಟು ಸೌಟಿನಿಂದ ಮೆಲ್ಲಗೆ ಬಡಿಯಿರಿ. ದೇವಸ್ಥಾನದ ಗಂಟೆಯ ಹಾಗೆ ನಾದ ನಿಂತರೆ ಬದುಕಿದೆ. ದಬ್ಬೆಂದು ಸತ್ತರೆ ಎಲ್ಲಿಯೋ ಸೀಳಿದೆ. ಸಂದೇಹ ಉಳಿದರೆ ಹಳೆಯ ಮೆಕಾನಿಕರ ಉಪಾಯವಿದೆ: ಬೆನ್ನಿಗೆ ಸುಣ್ಣ ಬಳಿದು ಒಣಗಿಸಿ, ಮುಂಭಾಗಕ್ಕೆ ಸೀಮೆಯೆಣ್ಣೆ ಸವರಿ ಬಿಡುವುದು. ಬಿರುಕಿದ್ದರೆ ಎಣ್ಣೆ ಒಸರಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಬೀಡು ಬೆಸುಗೆಗೆ ಸುಲಭವಾಗಿ ಒಗ್ಗುವ ಲೋಹವಲ್ಲ. ವೆಲ್ಡಿಂಗ್ ಅಂಗಡಿಯವರ ಧೈರ್ಯದ ಮಾತನ್ನು ನಂಬಿ ಒಲೆಯ ಮೇಲೆ ಇಡಬೇಡಿ. ಇನ್ನು ಎರಡು ಎಚ್ಚರಿಕೆ. ಗುಜರಿಯ ಬಾಣಲೆಯಲ್ಲಿ ಬೂದುಬಣ್ಣದ ಹೊಳೆಯುವ ಲೋಹದ ಹನಿ ಅಂಟಿದ್ದರೆ ಅದರಲ್ಲಿ ಯಾರೋ ಸೀಸ ಕರಗಿಸಿರಬಹುದು. ಅದನ್ನು ಮುಟ್ಟದೆ ಮುಂದೆ ಹೋಗಿ. ಕಪ್ಪು ಬಣ್ಣ ಬಳಿದು ಹೊಸದರಂತೆ ಮಾರುವುದೂ ಉಂಟು. ಉಗುರಿನಿಂದ ಕೆರೆದು ನೋಡಿ.

ತುಕ್ಕು ಬಿಡಿಸುವುದಕ್ಕೆ ಅಮೆರಿಕದವರು ದೊಡ್ಡ ಶಾಸ್ತ್ರವನ್ನೇ ಮಾಡಿಕೊಂಡಿದ್ದಾರೆ. ಅಲ್ಲಿ ಪೆನ್ಸಿಲ್ವೇನಿಯದ ಈರಿ ಎಂಬ ಊರಿನಲ್ಲಿ ಗ್ರಿಸ್ವಲ್ಡ್ ಎಂಬ ಕಾರ್ಖಾನೆಯಿತ್ತು, 1957ರಲ್ಲಿ ಮುಚ್ಚಿತು. ಅಲ್ಲಿ ಹೊಯ್ದ ಬಾಣಲೆಗಳನ್ನು ಜನ ಅಂಚೆ ಚೀಟಿಯ ಹಾಗೆ ಕೂಡಿಹಾಕುತ್ತಾರೆ. ಹಿಂಬದಿಯ ಮುದ್ರೆ ನೋಡಿ ವಯಸ್ಸು ಹೇಳುತ್ತಾರೆ. ಟೆನೆಸಿಯ ಲಾಡ್ಜ್ ಕಾರ್ಖಾನೆ 1896ರಲ್ಲಿ ಆರಂಭವಾದದ್ದು ಇಂದಿಗೂ ನಡೆಯುತ್ತಿದೆ. ನಮ್ಮ ಹಂಚುಗಳಿಗೆ ಬಹುಮಟ್ಟಿಗೆ ಮುದ್ರೆಯಿಲ್ಲ. ಆದುದರಿಂದ ನಮ್ಮ ಕೂಡಿಡುವಿಕೆ ವಸ್ತುಸಂಗ್ರಹಾಲಯದ ಕೆಲಸವಾಗುವುದಿಲ್ಲ. ಬಳಸಿ ನೋಡಿಯೇ ಬೆಲೆ ಕಟ್ಟಬೇಕು.

ನಾವು ಮಾಡುವುದು ಇಷ್ಟು. ಹುಣಸೆಹಣ್ಣನ್ನು ಹುಳಿಹುಳಿಯಾಗಿ ಕಿವುಚಿದ ನೀರಿನಲ್ಲಾಗಲಿ, ಸಮಪಾಲು ನೀರು ಬೆರೆಸಿದ ವಿನಿಗರ್‌ನಲ್ಲಾಗಲಿ ಹಂಚನ್ನು ಅರ್ಧ ಗಂಟೆ ಮುಳುಗಿಸಿಡುವುದು. ತೆಗೆದು ತೆಂಗಿನ ನಾರಿನಿಂದಲೋ ಉಕ್ಕಿನ ನಾರಿನಿಂದಲೋ ತಿಕ್ಕುವುದು. ಬೇಕಾದರೆ ಮತ್ತೆ ಅರ್ಧ ಗಂಟೆ. ರಾತ್ರಿಯೆಲ್ಲ ನೆನೆಯಲು ಬಿಡಬಾರದು. ಹುಳಿಗೆ ತುಕ್ಕೂ ಒಂದೇ, ಕಬ್ಬಿಣವೂ ಒಂದೇ. ತುಕ್ಕು ಮುಗಿದ ಮೇಲೆ ಹಂಚನ್ನೇ ತಿನ್ನತೊಡಗುತ್ತದೆ. ನಮ್ಮ ಹಿರಿಯರು ಹೊಸ ಹಂಚನ್ನು ಅಕ್ಕಿ ತೊಳೆದ ನೀರಿನಲ್ಲಿ ಎರಡು ಮೂರು ದಿನ ಇಡುತ್ತಿದ್ದುದು ಇದೇ ವಿದ್ಯೆ, ಆದರೆ ಮೃದುವಾದದ್ದು. ಅಕ್ಕಚ್ಚು ಹುಳಿತು ಮೆಲ್ಲಗೆ ಕೆಲಸ ಮಾಡುತ್ತದೆ. ಹೊಸದಕ್ಕೆ ಅದು ಸಾಕು. ನಲವತ್ತು ವರ್ಷದ ತುಕ್ಕಿಗೆ ಸಾಲದು.

ಹಳೆಯ ಎಣ್ಣೆಯ ಜಿಡ್ಡು ಗಟ್ಟಿಕಟ್ಟಿ ಹೆಪ್ಪುಗಟ್ಟಿದ್ದರೆ ಹುಳಿಯಿಂದ ಏನೂ ಆಗುವುದಿಲ್ಲ, ಕ್ಷಾರ ಬೇಕು. ಬಟ್ಟೆ ಒಗೆಯುವ ಸೋಡ ಹಾಕಿ ಕುದಿಸಿದರೆ ಬಹುಮಟ್ಟಿಗೆ ಬಿಡುತ್ತದೆ. ಕಾಸ್ಟಿಕ್ ಸೋಡ ಬೇಗ ಬಿಡಿಸುತ್ತದೆ, ಚರ್ಮವನ್ನೂ ಅಷ್ಟೇ ಬೇಗ. ಮಕ್ಕಳಿರುವ ಮನೆಯಲ್ಲಿ ಅದು ಬೇಡವೆಂದು ತೀರ್ಮಾನಿಸಿದ್ದೇವೆ. ತೀರ ಹಾಳಾದವಕ್ಕೆ ವಿದ್ಯುತ್ತಿನ ಉಪಾಯವಿದೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಸೋಡದ ನೀರು. ಹನ್ನೆರಡು ವೋಲ್ಟಿನ ಹಳೆಯ ಬ್ಯಾಟರಿ ಚಾರ್ಜರಿನ ಋಣ ತಂತಿ ಹಂಚಿಗೆ, ಧನ ತಂತಿ ಬೇಡವಾದ ಕಬ್ಬಿಣದ ತಗಡಿಗೆ. ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಕೆಸರಾಗಿ ಕಳಚುತ್ತದೆ, ಕಬ್ಬಿಣ ಮುಕ್ಕಾಗುವುದಿಲ್ಲ. ಸ್ಟೇನ್‌ಲೆಸ್ ತಗಡನ್ನು ಮಾತ್ರ ಇದಕ್ಕೆ ಹಾಕಲೇಬಾರದು. ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಜಲಜನಕ ಏಳುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಬೇಕು. ನಾವು ಮಹಡಿಯ ಮೇಲೆ ಮಾಡುತ್ತೇವೆ. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳು ಎರಡು ಸಲ ಬಂದು ನೋಡಿ ಹೋಗಿದ್ದಾರೆ. ಹಂಚನ್ನು ಕೆಂಡದಲ್ಲಿ ಹೂತು ಸುಡುವ ಹಳ್ಳಿಯ ಕ್ರಮ ಮಾತ್ರ ಬೀಡಿಗೆ ಸಲ್ಲದು. ಬಡಿದ ಕಬ್ಬಿಣ ಅದನ್ನು ಸಹಿಸೀತು. ಬೀಡು ಸೊಟ್ಟಗಾಗುತ್ತದೆ, ಇಲ್ಲವೆ ಸೀಳುತ್ತದೆ.

ತೊಳೆದ ಹಂಚು ಬೂದುಬಣ್ಣವಾಗಿ ಬೆತ್ತಲೆ ನಿಂತಿರುತ್ತದೆ. ಅದನ್ನು ಕೂಡಲೆ ಒಲೆಯ ಮೇಲಿಟ್ಟು ಒಣಗಿಸಬೇಕು. ಹತ್ತು ನಿಮಿಷ ಬಿಟ್ಟರೆ ಕಣ್ಣೆದುರಿಗೇ ಕೆಂಪೇರುತ್ತದೆ. ಆಮೇಲೆ ಎಣ್ಣೆ. ಇಲ್ಲಿ ನಮ್ಮ ಬಯಲುಸೀಮೆಯ ಭಾಗ್ಯವನ್ನು ಹೇಳಬೇಕು. ಕಾದ ಲೋಹದ ಮೇಲೆ ಎಣ್ಣೆಯ ತೆಳುಪೊರೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗಿ ಕಪ್ಪು ಮೆರುಗಾಗುತ್ತದೆ; ಬಣ್ಣದ ಎಣ್ಣೆ ಬಾಗಿಲ ಮೇಲೆ ಒಣಗುವುದೂ ಇದೇ ರೀತಿ. ಎಲ್ಲ ಎಣ್ಣೆಯೂ ಹೀಗೆ ಒಣಗುವುದಿಲ್ಲ. ಒಣಗುವ ಗುಣವನ್ನು ಅಳೆಯಲು ರಸಾಯನಶಾಸ್ತ್ರದವರಿಗೆ ಅಯೋಡಿನ್ ಸಂಖ್ಯೆ ಎಂಬ ಅಳತೆಯಿದೆ. ತೆಂಗಿನೆಣ್ಣೆಗೆ ಅದು ಸುಮಾರು 10, ಕಡಲೆಕಾಯಿ ಎಣ್ಣೆಗೆ 90, ಕುಸುಬೆ ಎಣ್ಣೆಗೆ 140ರ ಮೇಲೆ, ಅಗಸೆ ಎಣ್ಣೆಗೆ ಇನ್ನೂ ಹೆಚ್ಚು. ತೆಂಗಿನೆಣ್ಣೆ ಹಚ್ಚಿದ ಹಂಚು ಎಷ್ಟು ಕಾಸಿದರೂ ಅಂಟಂಟಾಗಿಯೇ ಉಳಿಯುವುದು ಏತಕ್ಕೆ ಎಂದು ಕರಾವಳಿಯ ಮಿತ್ರರು ಕೇಳುತ್ತಿದ್ದರು, ಉತ್ತರ ಇದು. ಅಗಸೆಯದು ಬಹಳ ಚೆನ್ನಾಗಿ ಹೊಳೆಯುತ್ತದೆ, ಆದರೆ ಕೆಲವು ತಿಂಗಳಲ್ಲಿ ಸಿಪ್ಪೆಸಿಪ್ಪೆಯಾಗಿ ಏಳುವುದನ್ನು ಕಂಡಿದ್ದೇವೆ. ನಮ್ಮ ಅತ್ತೆಯವರ ಕಡೆಯ ಕುಸುಬೆ ಎಣ್ಣೆಯೇ ಉತ್ತಮವೆಂದು ನಮ್ಮ ನಿರ್ಣಯ. ಇದರಲ್ಲಿ ಪಕ್ಷಪಾತವಿದೆಯೆಂದು ತೀರ್ಥಹಳ್ಳಿಯ ಪಕ್ಷದವರು ಹೇಳುತ್ತಾರೆ.

ಎಣ್ಣೆ ಹಚ್ಚುವುದಕ್ಕಿಂತ ಒರೆಸುವುದು ಮುಖ್ಯ. ಬ್ಯಾಂಕಿನವರು ಕೊಟ್ಟ ಸಾಲವನ್ನು ವಸೂಲು ಮಾಡುವಂತೆ ಹಚ್ಚಿದ್ದನ್ನೆಲ್ಲ ಒಣ ಬಟ್ಟೆಯಿಂದ ಮರಳಿ ತೆಗೆದುಕೊಳ್ಳಬೇಕು. ವಸೂಲಾಗದೆ ಉಳಿದಷ್ಟೇ ಹಂಚಿಗೆ ಸಾಕು. ಆಮೇಲೆ ಸಣ್ಣ ಉರಿಯಲ್ಲಿಟ್ಟು, ಹೊಗೆ ಎದ್ದು ಹೊಗೆ ನಿಲ್ಲುವ ತನಕ ಕಾಸಿ, ಆರಿಸಿ, ಮತ್ತೆ ಹಚ್ಚಿ ಒರೆಸಿ ಕಾಸುವುದು. ಐದಾರು ಸುತ್ತಿಗೆ ಕಪ್ಪು ನಿಲ್ಲುತ್ತದೆ. ಕಿಟಕಿ ತೆರೆದಿರಲಿ. ಮೊದಲ ವಾರ ಅದರ ಮೇಲೆ ಒಗ್ಗರಣೆ, ಪಡ್ಡು, ಈರುಳ್ಳಿ ಹುರಿಯುವುದು, ಇಂಥ ಎಣ್ಣೆಯ ಕೆಲಸವನ್ನೇ ಮಾಡಿ. ಟೊಮೆಟೊ, ಹುಳಿ, ಸಾರು ಬೇಡ.

ಬಳಕೆಯ ವಿಷಯದಲ್ಲಿ ಹಿರಿಯರ ಕಟ್ಟಳೆಗಳನ್ನು ನಾವು ಒಂದೊಂದಾಗಿ ಪರೀಕ್ಷೆ ಮಾಡಿ ನೋಡಿದೆವು. ದೋಸೆಯ ಹಂಚಿನ ಮೇಲೆ ಚಪಾತಿ ಸುಡಬಾರದೆಂಬುದು ನಿಜ. ಒಣ ಶಾಖಕ್ಕೆ ಎಣ್ಣೆಯ ಮೆರುಗು ಸುಟ್ಟುಹೋಗುತ್ತದೆ. ಕಾದ ಹಂಚಿಗೆ ತಣ್ಣೀರು ಸುರಿಯಬಾರದೆಂಬುದೂ ನಿಜ. ಎರಡು ಹನಿ ಚಿಮುಕಿಸುವುದು ಬೇರೆ, ನಲ್ಲಿಯ ಕೆಳಗೆ ಹಿಡಿಯುವುದು ಬೇರೆ. ಹೆಚ್ಚಿನ ಹಂಚುಗಳ ಬಿರುಕು ಹುಟ್ಟುವುದು ಅಲ್ಲಿಯೇ. ಸಾಬೂನು ಸೋಕಿಸಲೇಬಾರದೆಂಬುದು ಮಾತ್ರ ಅಷ್ಟು ನಿಜವಲ್ಲ. ಹಿಂದಿನ ಕಾಲದ ಖಾರವಾದ ಸಾಬೂನಿಗೆ ಹೇಳಿದ ಮಾತು ಅದು. ಈಗಿನ ಪಾತ್ರೆ ತೊಳೆಯುವ ಮೃದು ದ್ರವದಿಂದ ಗಟ್ಟಿಯಾಗಿ ಕೂತ ಮೆರುಗು ಹೋಗುವುದಿಲ್ಲ. ನೆನೆಸಿಡಬಾರದು, ಅಷ್ಟೇ.

ಹೊಸಬರು ಸೋಲುವುದು ಅವಸರದಿಂದ. ಶಾಖವನ್ನು ಹರಡುವುದರಲ್ಲಿ ಬೀಡು ಅಲ್ಯುಮಿನಿಯಮ್ಮಿನ ಕಾಲು ಪಾಲಿನಷ್ಟೇ ಚುರುಕು. ಗ್ಯಾಸಿನ ಉರಿ ನಡುವೆ ಬಿದ್ದರೆ ನಡುವೆ ಸುಡುತ್ತದೆ, ಅಂಚು ತಣ್ಣಗಿರುತ್ತದೆ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕಾಯಬೇಕು. ಒಮ್ಮೆ ಕಾದಮ್ಯಾಲೆ ಬಿಡುವುದಿಲ್ಲ, ಎಂದು ನಮ್ಮ ಅತ್ತೆಯವರ ಮಾತು. ಒಂದಡಿ ಅಗಲ, ನಾಲ್ಕು ಮಿಲಿಮೀಟರು ದಪ್ಪದ ಹಂಚು ಸುಮಾರು ಎರಡು ಕಿಲೋ ತೂಗುತ್ತದೆ. ಅದೇ ಅಗಲದ ಮೂರು ಮಿಲಿಮೀಟರಿನ ಅಲ್ಯುಮಿನಿಯಂ ತವಾ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಹಿಡಿದಿಟ್ಟ ಶಾಖ ಹೆಚ್ಚುಕಡಿಮೆ ಇಮ್ಮಡಿ. ತಣ್ಣನೆಯ ಹಿಟ್ಟು ಬಿದ್ದಾಗ ತೆಳು ತವಾ ಕುಗ್ಗುತ್ತದೆ, ಹಂಚು ಕುಗ್ಗುವುದಿಲ್ಲ. ದೋಸೆ ಗರಿಯಾಗುವುದರ ರಹಸ್ಯ ಇಷ್ಟೇ. ಬೆಂಗಳೂರಿನ ಹೋಟೆಲುಗಳವರು ಅಷ್ಟು ದಪ್ಪದ ಕಬ್ಬಿಣದ ಕಲ್ಲನ್ನು ಸುಮ್ಮನೆ ಇಟ್ಟುಕೊಂಡಿಲ್ಲ.

ಭಾರ ಎಂಬ ದೂರನ್ನು ನಾವು ಅಲ್ಲಗಳೆಯುವುದಿಲ್ಲ. ಅರವತ್ತು ದಾಟಿದವರ ಮಣಿಕಟ್ಟಿಗೆ ಎರಡು ಕಿಲೋ ಎತ್ತುವುದು ಶಿಕ್ಷೆ. ಎಷ್ಟೋ ಮನೆಗಳಲ್ಲಿ ಹಂಚು ಗುಜರಿಗೆ ಹೋದದ್ದು ಸೊಸೆಯ ಉದಾಸೀನದಿಂದಲ್ಲ, ಅತ್ತೆಯ ಕೀಲುನೋವಿನಿಂದ. ಇದಕ್ಕೆ ನಾವು ಕಂಡ ಉಪಾಯ: ದೊಡ್ಡದನ್ನು ಒಲೆಯ ಮೇಲಿಂದ ಇಳಿಸದೆ ಅಲ್ಲಿಯೇ ಒರೆಸಿ ಬಿಡುವುದು, ದಿನದ ಬಳಕೆಗೆ ಒಂಬತ್ತು ಅಂಗುಲದ ಚಿಕ್ಕದನ್ನು ಹುಡುಕುವುದು. ಇಂಡಕ್ಷನ್ ಒಲೆ ಬಂದ ಮೇಲೆ ಹಂಚಿನ ಕಾಲ ಮುಗಿಯಿತೆಂದವರಿಗೂ ಒಂದು ಮಾತು. ಆ ಒಲೆಗೆ ಹಿತ್ತಾಳೆ ಆಗದು, ಬರಿಯ ಅಲ್ಯುಮಿನಿಯಂ ಆಗದು, ಬೀಡು ಆಗುತ್ತದೆ. ತಳ ಸಮವಾಗಿರಬೇಕು, ಗಾಜಿನ ಮೇಲೆ ಎಳೆಯಬಾರದು, ಉರಿಯನ್ನು ಒಮ್ಮೆಲೆ ಏರಿಸಬಾರದು.

ಆರೋಗ್ಯದ ಬಗೆಗೆ ಹೆಚ್ಚು ಹೇಳಿ ವೈದ್ಯರ ಕೆಲಸವನ್ನು ಕಸಿದುಕೊಳ್ಳುವುದಿಲ್ಲ. ಕಬ್ಬಿಣದ ಪಾತ್ರೆಯಲ್ಲಿ ಹುಳಿಯಾದ, ನೀರಿರುವ ಅಡಿಗೆ ಮಾಡಿದರೆ ಆಹಾರಕ್ಕೆ ಸ್ವಲ್ಪ ಕಬ್ಬಿಣ ಸೇರುವುದು ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ನಮ್ಮ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಎಂದು ಕಂಡಿದೆ. ಹಂಚು ಅದಕ್ಕೆ ಔಷಧಿಯಲ್ಲ. ಆದರೆ ಅಡ್ಡಿಯೂ ಅಲ್ಲ. ಮೈಯಲ್ಲಿ ಕಬ್ಬಿಣ ಹೆಚ್ಚಾಗುವ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು.

ಮಳೆಗಾಲದಲ್ಲಿ ಹಂಚನ್ನು ಇಡುವ ಕ್ರಮ ಒಂದನ್ನು ಹೇಳಿ ಮುಗಿಸುತ್ತೇವೆ. ತೊಳೆದು, ಒಲೆಯ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗಿನ ತೇವವೇ ಅದಕ್ಕೆ ಶತ್ರು. ಯಾರ ಮನೆಯಲ್ಲಾದರೂ ತುಕ್ಕು ಹಿಡಿದ ಹಂಚು ಇದ್ದರೆ ಗುಜರಿಯವನನ್ನು ಕೂಗುವ ಮುಂಚೆ ಮುಂದಿನ ಕೂಟಕ್ಕೆ ತನ್ನಿ. ಬಡಿದು ನೋಡಿ ಹೇಳುತ್ತೇವೆ, ಇದಕ್ಕೆ ಶುಲ್ಕವಿಲ್ಲ.

ಆ ರಾಯಚೂರಿನ ಚರಿಗೆಯನ್ನು ಇಂದು ತಂದಿದ್ದೇವೆ; ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದೆ. ಕಾಚಿಗೂಡದಲ್ಲಿ ನಮಗೆ ತಿಳಿದ ನಾಲ್ಕಾರು ಮನೆಗಳಲ್ಲಿ ವಿಚಾರಿಸಿದ್ದಾಯಿತು, ಗುರುತು ಹಿಡಿದವರು ಸಿಕ್ಕಲಿಲ್ಲ. ಕಾಫಿಗೆ ಹೋಗುವಾಗ ಕಂಠದ ಮೇಲಿನ ಹೆಸರನ್ನು ಒಂದು ಸಲ ಓದಿ ನೋಡಿ. ಅದು ನಿಮ್ಮ ಅಜ್ಜಿಯದೋ, ಸೋದರತ್ತೆಯದೋ, ಪಕ್ಕದ ಮನೆಯವರದೋ ಆಗಿದ್ದರೆ ಚರಿಗೆಯನ್ನು ಈಗಲೇ ಒಯ್ಯಬಹುದು. ಹಂಚಿಗೆ ಎರಡು ದಿನ ಮುಂಚಿತವಾಗಿ ಹೇಳಬೇಕು. ನಮ್ಮ ಮನೆಯಲ್ಲಿ ಈಗ ದಿನವೂ ಅದರ ಮೇಲೆಯೇ ದೋಸೆ, ನಡುವೆ ಸ್ವಲ್ಪ ಬಲಕ್ಕೆ.